ಪಿಸ್ತೂಲಿಗೆ ಅರ ಹಾಕಿಸುವ ಮುನ್ನ ಮ್ಯಾಗಜೀನ್ ನೋಡಿ

ಮಾನ್ಯ ಸಂಪಾದಕರೇ,

ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆಯ ಹಬ್ಬ) ಪುರವಣಿಯಲ್ಲಿ ತಾವು ಪ್ರಕಟಿಸಿದ ಆಯುಧ ಆರೈಕೆಯ ಲೇಖನ ಕೋವಿಯ ಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ಕೊನೆಯ ಪ್ಯಾರಾದಲ್ಲಿ ಪಿಸ್ತೂಲಿಗೂ ಅದೇ ಉಪಚಾರ ಸಾಕು, ಎಣ್ಣೆ ಧಾರಾಳವಾಗಿರಲಿ, ಗುಂಡು ಸಿಕ್ಕಿಕೊಳ್ಳುತ್ತಿದ್ದರೆ ಒಳದಾರಿಯನ್ನು ಅರದಿಂದ ನಯ ಮಾಡಿಸಿ ಎಂಬರ್ಥದ ಮಾತುಗಳಿವೆ. ಅರೆ ಸ್ವಯಂಚಾಲಿತ ಪಿಸ್ತೂಲು ಹಾಳಾಗುವುದು ಎಷ್ಟೋ ಸಲ ಇಂಥ ಎರಡು ಸಲಹೆಗಳಿಂದಲೇ. ಜಿಲ್ಲೆಯಲ್ಲಿ ಲೈಸೆನ್ಸ್ ಪಡೆದು .32 ಅಳತೆಯ ಪಿಸ್ತೂಲು ಇಟ್ಟುಕೊಂಡಿರುವ ಓದುಗರು ಅದನ್ನು ಹಾಗೆಯೇ ಪಾಲಿಸಬಾರದೆಂದು ಈ ಪತ್ರ.

ಜೋಡು ನಳಿಗೆ ಕೋವಿಯಲ್ಲಿ ತೋಟಾ ಹಾಕುವುದು, ಖಾಲಿ ಕೇಸು ತೆಗೆಯುವುದು ಎಲ್ಲವೂ ನಮ್ಮ ಕೈಯ ಕೆಲಸ. ಪಿಸ್ತೂಲಿನಲ್ಲಿ ಆ ಕೆಲಸವನ್ನೆಲ್ಲ ಸಿಡಿದ ಗುಂಡಿನ ಶಕ್ತಿಯೇ ಮಾಡಬೇಕು. ಖಾಲಿ ಕೇಸು ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಉಕ್ಕನ್ನು, ಹಿಂದಕ್ಕೆ ತಳ್ಳಬೇಕು, ಎಜೆಕ್ಟರ್ ಎಂಬ ತಡೆಗೆ ಬಡಿದು ಹೊರಗೆ ಹಾರಬೇಕು, ಹ್ಯಾಮರ್ ಎದ್ದು ನಿಲ್ಲಬೇಕು, ಅಷ್ಟರೊಳಗೆ ಮ್ಯಾಗಜೀನಿನ, ಅಂದರೆ ಹಿಡಿಕೆಯೊಳಗೆ ಕೂರುವ ಗುಂಡಿನ ಪೆಟ್ಟಿಗೆಯ, ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲೆತ್ತಿರಬೇಕು, ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಂದು ಆ ಗುಂಡನ್ನು ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯ ಗೂಡಿಗೆ, ಕೂರಿಸಬೇಕು. .32 ಗುಂಡಿನ ಸೀಸದ, ಅಂದರೆ ನಳಿಗೆಯಿಂದ ಹಾರುವ ಭಾಗದ, ತೂಕ 71 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಚಿಲ್ಲರೆ. ಇಷ್ಟು ಸಣ್ಣ ಗುಂಡಿನಲ್ಲಿ ಹೆಚ್ಚುವರಿ ಶಕ್ತಿ ಅಷ್ಟಾಗಿ ಇರುವುದಿಲ್ಲ. ಗಟ್ಟಿಯಾದ ಎಣ್ಣೆ, ಮಸಿ, ಕಿಲುಬು, ಬಾಗಿದ ತಗಡು, ಇವುಗಳಲ್ಲಿ ಯಾವುದು ಸ್ವಲ್ಪ ಶಕ್ತಿ ತಿಂದರೂ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ.

ಯಾವ ಪರೀಕ್ಷೆಗೂ ಮುನ್ನ ಖಾಲಿ ಮಾಡುವ ಕ್ರಮ ಗೊತ್ತಿರಬೇಕು. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಇದನ್ನು ತಿರುಗುಮುರುಗು ಮಾಡಿದರೆ ಚೇಂಬರಿನ ಗುಂಡು ಹೊರಬಿದ್ದ ಬೆನ್ನಿಗೇ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಖಾಲಿ ಎಂದುಕೊಂಡ ಪಿಸ್ತೂಲು ಸಿಡಿದ ಅನಾಹುತಗಳ ಮೂಲ ಬಹಳ ಸಲ ಇದೇ. ಸ್ಲೈಡ್ ಹಿಂದೆ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಬೆಳಕು ಸಾಲದಿದ್ದರೆ ಕಿರುಬೆರಳ ತುದಿಯಿಂದ ಮುಟ್ಟಿ ನೋಡಿ. ನಿಜವಾದ ಗುಂಡುಗಳನ್ನು ಮನೆಯಲ್ಲಿ ಪರೀಕ್ಷೆಯ ಮೇಜಿನ ಹತ್ತಿರಕ್ಕೂ ತರಬೇಡಿ. ಕೈಯಿಂದ ಸ್ಲೈಡ್ ಎಳೆದು ನೋಡುವುದಕ್ಕೆ ಮದ್ದಿಲ್ಲದ ಡಮ್ಮಿ ಗುಂಡು ಸಿಗುತ್ತದೆ, ಆರೇಳು ಇದ್ದರೆ ಸಾಕು.

ಇನ್ನು ಗುಂಡಿನ ಹೆಸರಿನ ಗೊಂದಲ. ನಮ್ಮಲ್ಲಿ ರಿವಾಲ್ವರಿನ ಲೈಸೆನ್ಸ್ ಮೇಲೂ .32, ಪಿಸ್ತೂಲಿನ ಲೈಸೆನ್ಸ್ ಮೇಲೂ .32 ಎಂದೇ ಬರೆದಿರುತ್ತದೆ. ಗುಂಡುಗಳು ಮಾತ್ರ ಬೇರೆ. ರಿವಾಲ್ವರಿನದು ಉದ್ದ, ಅದರ ಹಿತ್ತಾಳೆ ಕೇಸೇ 23 ಮಿಲಿಮೀಟರ್ ದಾಟುತ್ತದೆ, ತಳದ ಅಂಚು ಅಗಲವಾಗಿ ಹೊರಚಾಚಿರುತ್ತದೆ. ಪಿಸ್ತೂಲಿನ ಕೇಸು ಸುಮಾರು 17.3 ಮಿಲಿಮೀಟರ್, ಸೀಸ ಸೇರಿ ಇಡೀ ಗುಂಡು 25 ಮಿಲಿಮೀಟರ್. ಇದಕ್ಕೆ 7.65 ಎಂಬ ಹೆಸರೂ ಉಂಟು. ರಿವಾಲ್ವರಿನ ಗುಂಡು ಪಿಸ್ತೂಲಿನ ಮ್ಯಾಗಜೀನಿಗೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಅಪಾಯ ಕಡಿಮೆ. ಪಿಸ್ತೂಲಿನ ಗುಂಡು ಕೆಲವು ರಿವಾಲ್ವರುಗಳ ಸಿಲಿಂಡರಿನಲ್ಲಿ ಕೂತುಬಿಡುತ್ತದೆ, ಆದರೆ ಅದರ ಒತ್ತಡ ರಿವಾಲ್ವರಿನ ಗುಂಡಿಗಿಂತ ಜಾಸ್ತಿ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಡಬ್ಬಿಗಳು ಬೇರೆ ಬೇರೆ ಬೀರುವಿನಲ್ಲಿರಲಿ.

ಗುಂಡು ಸರಿಯಾಗಿ ಏರದಿದ್ದರೆ ಮೊದಲ ಸಂಶಯ ಮ್ಯಾಗಜೀನಿನ ಮೇಲೆ. ಪಿಸ್ತೂಲಿನ ತೊಂದರೆಗಳಲ್ಲಿ ದೊಡ್ಡ ಪಾಲು ಈ ತಗಡಿನ ಪೆಟ್ಟಿಗೆಯದು. ಎರಡು ಮ್ಯಾಗಜೀನ್ ಇದ್ದರೆ ತಳದಲ್ಲಿ ಬಣ್ಣದಿಂದ 1, 2 ಎಂದು ಬರೆದಿಡಿ. ಗುಂಡು ನಿಂತಾಗಲೆಲ್ಲ ಮೂರು ವಿಷಯ ಚೀಟಿಯಲ್ಲಿ ಬರಲಿ: ಯಾವ ಮ್ಯಾಗಜೀನ್, ಎಷ್ಟನೆಯ ಗುಂಡು, ಯಾವ ಡಬ್ಬಿಯದು. 1ರಲ್ಲಿ ಮಾತ್ರ ನಿಂತು 2ರಲ್ಲಿ ಸಲೀಸಾಗಿ ಓಡಿದರೆ ಪಿಸ್ತೂಲನ್ನು ಬಿಚ್ಚುವ ಗೊಡವೆಯೇ ಬೇಡ. ತುಂಬಿದ ಮ್ಯಾಗಜೀನಿನ ಮೊದಲ ಗುಂಡೇ ಸಿಕ್ಕಿಕೊಂಡರೆ ಒಳಗೆ ತಿಕ್ಕಾಟ ಹೆಚ್ಚಿದೆ ಎಂದರ್ಥ, ಕೊಳೆಯೋ ತಗಡು ಅಮುಕಿರುವುದೋ ಕಾರಣವಿರುತ್ತದೆ. ಕೊನೆಯ ಒಂದೆರಡು ಗುಂಡುಗಳಲ್ಲೇ ತಕರಾರಾದರೆ ಸ್ಪ್ರಿಂಗ್ ಸೋತಿದೆ. ಸೋತ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡುವ ಚಾಳಿ ನಮ್ಮಲ್ಲಿ ಜೋರಾಗಿದೆ. ಎಳೆದ ಸ್ಪ್ರಿಂಗ್ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಮೊದಲಿಗಿಂತಲೂ ಕುಗ್ಗುತ್ತದೆ. ಬದಲಿಸಬೇಕು, ಅಷ್ಟೇ.

ಮ್ಯಾಗಜೀನಿನ ಬಾಯಂಚುಗಳನ್ನು, ಅಂದರೆ ಗುಂಡನ್ನು ಹಿಡಿದಿಡುವ ಎರಡು ಮಡಿಕೆಗಳನ್ನು, ಬೆಳಕಿಗೆ ಹಿಡಿದು ಹೊಸ ಮ್ಯಾಗಜೀನಿನ ಜೊತೆ ಹೋಲಿಸಿ ನೋಡಿ. ಅಂಚುಗಳು ಅಗಲವಾಗಿದ್ದರೆ ಗುಂಡು ಬೇಗ ಬಿಟ್ಟುಕೊಂಡು ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಬಿಗಿಯಾಗಿದ್ದರೆ ಗುಂಡಿನ ಹಿಂಭಾಗ ತಡವಾಗಿ ಏಳುತ್ತದೆ, ಮೂತಿ ಇಳಿಜಾರಿನ, ಅಂದರೆ ಗುಂಡು ಚೇಂಬರಿಗೆ ಏರುವ ಒಳದಾರಿಯ, ಬುಡಕ್ಕೆ ಹೋಗಿ ಕುತ್ತುತ್ತದೆ. ಸಿಮೆಂಟ್ ನೆಲದ ಮೇಲೆ ತುಂಬಿದ ಮ್ಯಾಗಜೀನ್ ತಲೆಕೆಳಗಾಗಿ ಒಮ್ಮೆ ಬಿದ್ದರೆ ಇಷ್ಟಾಗಲು ಸಾಕು. ಇಕ್ಕುಳ ತಂದು ಬಾಗಿಸಿ ಸರಿಮಾಡುವುದಕ್ಕಿಂತ ಹೊಸದನ್ನು ಕೊಳ್ಳುವುದು ಅಗ್ಗ. ಮ್ಯಾಗಜೀನ್ ಪೂರ್ತಿ ಕೂತಿದೆಯೇ ಎಂದೂ ನೋಡಬೇಕು. ಅದನ್ನು ಹಿಡಿದಿಡುವ ಕ್ಯಾಚ್ ಸವೆದಿದ್ದರೆ ಒಂದು ಮಿಲಿಮೀಟರಿನಷ್ಟು ಕೆಳಗೆ ಜೋತಾಡುತ್ತದೆ, ಆಗ ಸ್ಲೈಡಿಗೆ ಗುಂಡಿನ ತಳ ಸರಿಯಾಗಿ ಸಿಗುವುದಿಲ್ಲ. ಹಾಕಿದ ಮೇಲೆ ಕೆಳಕ್ಕೊಮ್ಮೆ ಜಗ್ಗಿದರೆ ಗೊತ್ತಾಗುತ್ತದೆ.

.32ಕ್ಕೇ ವಿಶೇಷವಾದ ಒಂದು ರೋಗವಿದೆ, ಅದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದು ಗೊತ್ತಿಲ್ಲದೆ ಒಳ್ಳೆಯ ಪಿಸ್ತೂಲುಗಳು ಮೂಲೆ ಸೇರಿವೆ. ಈ ಗುಂಡಿನ ತಳದ ಅಂಚು ಕೇಸಿಗಿಂತ ಕೂದಲೆಳೆಯಷ್ಟು ಹೊರಗಿರುತ್ತದೆ: ಕೇಸಿನ ಬುಡ 8.6 ಮಿಲಿಮೀಟರ್ ಆದರೆ ಅಂಚು 9.1. ಮ್ಯಾಗಜೀನಿನೊಳಗೆ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಸರಿದು ಕೂತರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ, ಸ್ಲೈಡ್ ಎಷ್ಟೇ ತಳ್ಳಿದರೂ ಮೇಲಿನದು ಕದಲುವುದಿಲ್ಲ. ಇದನ್ನು ರಿಮ್ ಲಾಕ್ ಎನ್ನುತ್ತಾರೆ. ದುಂಡು ಮೂತಿಯ ತಾಮ್ರಕವಚದ ಗುಂಡು ಮ್ಯಾಗಜೀನಿನ ಉದ್ದವನ್ನೆಲ್ಲ ತುಂಬುವುದರಿಂದ ಅದರಲ್ಲಿ ಈ ತೊಂದರೆ ಕಡಿಮೆ. ಮೂತಿ ತೂತಿನ ಗುಂಡು ಗಿಡ್ಡ, ಹಿಂದೆ ಮುಂದೆ ಜಾರಲು ಅದಕ್ಕೆ ಜಾಗವಿರುತ್ತದೆ. ಒಂದು ಗುಂಡು ಹಾರಿದ ಧಕ್ಕೆಗೆ ಉಳಿದವು ಒಳಗೇ ಸ್ಥಾನ ಬದಲಿಸುತ್ತವೆ. ತುಂಬುವಾಗ ಪ್ರತಿ ಗುಂಡಿನ ಅಂಚು ಕೆಳಗಿನದರ ಮುಂದೆ ಬಂತೇ ಎಂದು ನೋಡಿಕೊಂಡೇ ತುಂಬಬೇಕು. ಕೊಕ್ಕೆ ಬಿದ್ದರೆ ಮ್ಯಾಗಜೀನನ್ನು ಹೊರತೆಗೆದು, ಎರಡನೆಯ ಗುಂಡನ್ನು ಮರದ ಕಡ್ಡಿಯಿಂದ ಕೆಳಕ್ಕೆ ಒತ್ತಿ ಹಿಡಿದು, ಮೇಲಿನದನ್ನು ಮುಂದಕ್ಕೆ ಜಾರಿಸಿ ತೆಗೆಯಿರಿ. ಪಿಸ್ತೂಲಿನೊಳಗೇ ಇಟ್ಟು ಸ್ಲೈಡನ್ನು ಜಗ್ಗಾಡಿದರೆ ಬಾಯಂಚು ಹೋಗುತ್ತದೆ.

ಸಿಕ್ಕಿಕೊಂಡದ್ದನ್ನು ಬಿಡಿಸುವ ಅವಸರದಲ್ಲಿ ಹೇಗೆ ಸಿಕ್ಕಿತ್ತು ಎಂಬುದನ್ನೇ ಹೆಚ್ಚಿನವರು ನೋಡುವುದಿಲ್ಲ. ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಎರಡು ಕ್ಷಣ ನೋಡಿದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ಖಾಲಿ ಕೇಸು ಸ್ಲೈಡಿನ ಕಿಂಡಿಯಲ್ಲಿ ಚಿಮಣಿಯಂತೆ ನೆಟ್ಟಗೆ ನಿಂತಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿಲ್ಲ, ಇಲ್ಲವೇ ಎಜೆಕ್ಟರಿನ ಏಟು ಸಾಲದಾಗಿದೆ. ಮೊದಲನೆಯದಕ್ಕೆ ಗಟ್ಟಿ ಎಣ್ಣೆ, ಕೊಳೆ, ತೇವ ಹಿಡಿದ ಗುಂಡು ಕಾರಣವಿರಬಹುದು, ಹಿಡಿತವೂ ಆಗಿರಬಹುದು. ಕೋವಿ ಹಿಡಿದು ರೂಢಿಯಾದವರು ಪಿಸ್ತೂಲನ್ನು ಹಗುರವಾಗಿ ಹಿಡಿಯುತ್ತಾರೆ, ಹೆಗಲ ಆಸರೆ ಇದ್ದೇ ಇದೆ ಎಂಬಂತೆ. ಚೌಕಟ್ಟು, ಅಂದರೆ ಹಿಡಿಕೆ ಇರುವ ಕೆಳಭಾಗ, ಗಟ್ಟಿಯಾಗಿ ನಿಂತರೆ ಮಾತ್ರ ಸ್ಲೈಡ್ ಅದರ ಮೇಲೆ ಓಡುತ್ತದೆ. ಮಣಿಕಟ್ಟೂ ಜೊತೆಗೇ ಹಿಂದಕ್ಕೆ ಹೋದರೆ ಸ್ಲೈಡಿನ ಓಟ ಮೊಟಕಾಗುತ್ತದೆ. ಬೇರೊಬ್ಬರು ಅದೇ ಪಿಸ್ತೂಲು, ಅದೇ ಗುಂಡು ಹಾರಿಸಿದಾಗ ತೊಂದರೆ ಇಲ್ಲವೆಂದರೆ ಪಿಸ್ತೂಲನ್ನು ದೂರಬೇಡಿ.

ಚೇಂಬರಿನಲ್ಲಿ ಖಾಲಿ ಕೇಸು ಉಳಿದು ಅದರ ಬೆನ್ನಿಗೆ ಹೊಸ ಗುಂಡು ಬಂದು ಕುತ್ತಿದ್ದರೆ ಸ್ಲೈಡನ್ನು ಬರೀ ಎಳೆಯುವುದರಿಂದ ಪ್ರಯೋಜನವಿಲ್ಲ. ಸ್ಲೈಡನ್ನು ಹಿಂದೆ ನಿಲ್ಲಿಸಿ, ಮ್ಯಾಗಜೀನನ್ನು ಕಿತ್ತು ತೆಗೆದು, ಎರಡು ಮೂರು ಸಲ ಸ್ಲೈಡ್ ಎಳೆದು ಬಿಟ್ಟರೆ ಕೇಸು ಬರುತ್ತದೆ. ಬರಲಿಲ್ಲವೆಂದರೆ ಕೇಸನ್ನು ಎಳೆದು ತರುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯನ್ನು ನೋಡಿ. ಅದರ ಕೆಳಗೆ ಹಿತ್ತಾಳೆಯ ಪುಡಿಯೂ ಮಸಿಯೂ ಸೇರಿ ಗಟ್ಟಿ ಕರಿ ಹೆಪ್ಪಾಗಿ ಕೂತಿರುತ್ತದೆ, ಸೂಜಿಯಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಕೊಕ್ಕೆಯ ತುದಿ ಮುರಿದಿದೆಯೇ ಎಂದು ಉಗುರು ಆಡಿಸಿ ನೋಡಬಹುದು.

ಇಲ್ಲೊಂದು ಮೋಸವಿದೆ. .32 ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಮಾದರಿ. ನಳಿಗೆಗೂ ಸ್ಲೈಡಿಗೂ ಬೀಗವಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ಬೀಗ. ಇವುಗಳಲ್ಲಿ ಗುಂಡು ಸಿಡಿದಾಗ ಅನಿಲವೇ ಕೇಸನ್ನು ಹಿಂದಕ್ಕೆ ನೂಕುವುದರಿಂದ ಎಕ್ಸ್‌ಟ್ರಾಕ್ಟರ್ ಸವೆದಿದ್ದರೂ ಎಷ್ಟೋ ದಿನ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ರೋಗ ಹೊರಬೀಳುವುದು ಹಾರಿಸದ ಗುಂಡನ್ನು ಹೊರತೆಗೆಯುವಾಗ. ಸ್ಲೈಡ್ ಎಳೆದಿರಿ, ಏನೂ ಬೀಳಲಿಲ್ಲ, ಹಾಗಾದರೆ ಖಾಲಿ ಎಂದು ನಂಬಿದಿರಿ; ಗುಂಡು ಚೇಂಬರಿನಲ್ಲೇ ಕೂತಿರುತ್ತದೆ. ಕಣ್ಣಿನಿಂದ ನೋಡಲೇಬೇಕು ಎಂದು ಮೇಲೆ ಬರೆದದ್ದು ಇದಕ್ಕೇ. ಡಮ್ಮಿ ಗುಂಡನ್ನು ಮ್ಯಾಗಜೀನಿನಿಂದ ಏರಿಸಿ ಕೈಯಿಂದ ಹೊರಹಾಕಿ ನೋಡುವುದು ಎಕ್ಸ್‌ಟ್ರಾಕ್ಟರಿಗೆ ನಂಬಬಹುದಾದ ಪರೀಕ್ಷೆ.

ರಿಕಾಯಿಲ್ ಸ್ಪ್ರಿಂಗ್ ಸೋತಾಗಲೂ ಮ್ಯಾಗಜೀನಿನ ದೋಷದಂತೆಯೇ ಕಾಣುವುದುಂಟು. ಸ್ಪ್ರಿಂಗ್ ಸಡಿಲವಾದರೆ ಸ್ಲೈಡ್ ಹಿಂದಕ್ಕೆ ವಿಪರೀತ ವೇಗದಲ್ಲಿ ಹೋಗಿ ಚೌಕಟ್ಟಿಗೆ ಬಡಿದು ವಾಪಸಾಗುತ್ತದೆ, ಮ್ಯಾಗಜೀನ್ ಗುಂಡನ್ನು ಎತ್ತಿಕೊಡುವ ಮುಂಚೆಯೇ ಅದರ ಮೇಲೆ ಹಾದುಹೋಗುತ್ತದೆ. ಖಾಲಿ ಕೇಸುಗಳು ಮೊದಲಿಗಿಂತ ಬಹಳ ದೂರ ಹಾರುತ್ತಿವೆಯೇ, ಕೈಗೆ ಏಟು ಒರಟಾಗಿದೆಯೇ ಎಂದು ಗಮನಿಸಿ. ಎರಡಕ್ಕೂ ಹೌದೆಂದರೆ ಮ್ಯಾಗಜೀನಿಗೆ ಖರ್ಚು ಮಾಡುವ ಮುನ್ನ ಈ ಸ್ಪ್ರಿಂಗ್ ಬದಲಿಸಿ. ಗಟ್ಟಿ ಇರಲೆಂದು ಬೇರೆ ಪಿಸ್ತೂಲಿನ ಸ್ಪ್ರಿಂಗ್ ಕತ್ತರಿಸಿ ಹಾಕುವುದು ಬೇಡ. ಅತಿ ಗಟ್ಟಿಯಾದರೆ ಸ್ಲೈಡ್ ಹಿಂದಕ್ಕೇ ಹೋಗುವುದಿಲ್ಲ, ಚಿಮಣಿಯ ಕಾಟ ಶುರುವಾಗುತ್ತದೆ.

ಸ್ಲೈಡ್ ಮುಂದಕ್ಕೆ ಬಂದು ಎರಡು ಮೂರು ಮಿಲಿಮೀಟರ್ ಬಾಕಿ ಇರುವಾಗ ನಿಂತರೆ ಅಂಗೈಯಿಂದ ಗುದ್ದಿ ಮುಚ್ಚುವವರಿದ್ದಾರೆ. ಗುದ್ದಬಾರದು. ಊದಿದ ಕೇಸು ಇರಬಹುದು, ಚೇಂಬರಿನಲ್ಲಿ ಕೊಳೆ ಇರಬಹುದು, ಹಿಂದಿನ ಗುಂಡಿನ ಸೀಸ ನಳಿಗೆಯೊಳಗೇ ಉಳಿದಿರಬಹುದು. ಆ ಗುಂಡನ್ನು ತೆಗೆದು ಬೇರೆ ಇಡಿ. ಸ್ಲೈಡನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಬರೀ ಚೇಂಬರಿಗೆ ಡಮ್ಮಿ ಗುಂಡೊಂದನ್ನು ಬಿಟ್ಟು ನೋಡಿದರೆ ಟಕ್ ಎಂದು ಕೂರಬೇಕು, ತಿರುಗಿಸಿ ಹಿಡಿದರೆ ತಾನಾಗಿ ಬೀಳಬೇಕು. ಅಂಟಿಕೊಂಡರೆ ಚೇಂಬರಿಗೆ ಹಿತ್ತಾಳೆ ಬ್ರಷ್ ಬೇಕು. ಇನ್ನೊಂದು ಸಣ್ಣ ಕಾರಣವೂ ಇದೆ. ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಡುವುದು. ಎಳೆದು ಪೂರ್ತಿ ಬಿಟ್ಟುಬಿಡಬೇಕು, ಸ್ಪ್ರಿಂಗೇ ಅದನ್ನು ಕೊಂಡೊಯ್ಯಲಿ.

ಈಗ ಎಣ್ಣೆಯ ವಿಷಯ. ಕೋವಿಗೆ ತಲೆಮಾರುಗಳಿಂದ ತೆಂಗಿನೆಣ್ಣೆ ಸವರಿಕೊಂಡು ಬಂದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವ ಎಣ್ಣೆ ಸ್ಲೈಡಿನ ಹಳಿಗಳಲ್ಲೂ ಫೈರಿಂಗ್ ಪಿನ್ನಿನ ಕೊಳವೆಯಲ್ಲೂ ಹಾಗೆಯೇ ಕೂತಿರುತ್ತದೆ. ಅಡುಗೆಯ ಇತರ ಎಣ್ಣೆಗಳು ಹೆಪ್ಪುಗಟ್ಟದಿದ್ದರೂ ಗಾಳಿ ತಾಗಿ ಕೆಲವು ತಿಂಗಳಿಗೆ ಅಂಟಾಗುತ್ತವೆ. ಟ್ರಿಗರ್ ಒತ್ತಿದಾಗ ಪಿನ್ ನಿಧಾನವಾಗಿ ಹೋಗಿ ಪ್ರೈಮರಿನ, ಅಂದರೆ ಗುಂಡಿನ ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆಯ, ಮೇಲೆ ಸಣ್ಣ ಗುಳಿ ಮಾತ್ರ ಬೀಳುತ್ತದೆ, ಗುಂಡು ಸಿಡಿಯುವುದಿಲ್ಲ. ಹಾಗಾದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವ ಸಾಧ್ಯತೆ ಇರುತ್ತದೆ; ಆಮೇಲೆ ಮ್ಯಾಗಜೀನ್ ತೆಗೆದು ಗುಂಡನ್ನು ಹೊರಹಾಕಿ ಗುಳಿ ನೋಡಿ.

ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಆಮೇಲೆ ಗನ್ ಆಯಿಲ್, ಅದಿಲ್ಲದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಸ್ಲೈಡಿನ ಎರಡು ಹಳಿಗಳಿಗೆ ಹಿಂದೆ ಮುಂದೆ ಒಂದೊಂದು ತೊಟ್ಟು, ನಳಿಗೆಯ ಹೊರಮೈಗೆ ಒಂದು ತೊಟ್ಟು ಬೆರಳಿನಿಂದ ಸವರಿದಷ್ಟು. ಫೈರಿಂಗ್ ಪಿನ್ನಿನ ಕೊಳವೆ, ಚೇಂಬರ್, ಮ್ಯಾಗಜೀನಿನ ಒಳಗೆ ಎಣ್ಣೆಯೇ ಬೇಡ. ಮ್ಯಾಗಜೀನಿಗೆ ಹಾಕಿದ ಎಣ್ಣೆ ಪ್ರೈಮರಿನೊಳಕ್ಕೆ ಇಳಿದು ಗುಂಡನ್ನು ಸಾಯಿಸಬಹುದು. ತುಕ್ಕು ಬಿಡಿಸುವ ಸ್ಪ್ರೇಗಳು ಇನ್ನೂ ತೆಳ್ಳಗೆ, ಇನ್ನೂ ಬೇಗ ಇಳಿಯುತ್ತವೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆಯಲ್ಲಿ ಗುಂಡುಗಳಿಗೆ ಪಿಸ್ತೂಲಿಗಿಂತ ಹೆಚ್ಚು ಏಟು ಬೀಳುತ್ತದೆ. ಚರ್ಮದ ಪೌಚಿನಲ್ಲಿಟ್ಟ ಗುಂಡಿಗೆ ಚರ್ಮ ಹದ ಮಾಡಿದ ಲವಣಗಳು ತಾಗಿ ಹಸಿರು ಕಿಲುಬು ಬರುತ್ತದೆ. ಕಿಲುಬಿದ ಗುಂಡು ಚೇಂಬರಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಎಮರಿ ಕಾಗದದಲ್ಲಿ ಉಜ್ಜಿ ಹೊಳೆಯಿಸಿ ಮತ್ತೆ ತುಂಬುವ ಉಳಿತಾಯ ಬೇಡ. ಗುಂಡನ್ನು ಅದರ ರಟ್ಟಿನ ಡಬ್ಬಿಯಲ್ಲೇ ಇಟ್ಟು, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಪಿಸ್ತೂಲನ್ನು ಅಲ್ಲಿಡಬೇಡಿ, ಹೊಗೆಗೆ ತುಕ್ಕು ಬೇಗ. ತೇವ ತಿಂದ ಗುಂಡು ಪುಸ್ ಎಂದು ಸದ್ದು ಮಾಡಿ ಸ್ಲೈಡ್ ಅರ್ಧಂಬರ್ಧ ಓಡಿದರೆ ಅಲ್ಲಿಗೇ ನಿಲ್ಲಿಸಿ. ಸೀಸ ನಳಿಗೆಯಲ್ಲಿ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಖಾಲಿ ಮಾಡಿ, ಸ್ಲೈಡ್ ಬಿಚ್ಚಿ, ನಳಿಗೆಯ ಮುಂದಿನ ಬಾಯಿಯಿಂದ ತೆಳು ಮರದ ಕಡ್ಡಿ ಹಾಕಿದರೆ ಅದು ಚೇಂಬರಿನಲ್ಲಿ ಕಾಣಬೇಕು.

ದಿನಾ ರಾತ್ರಿ ತುಂಬಿ ಬೆಳಿಗ್ಗೆ ಖಾಲಿ ಮಾಡುವವರು ಅದೇ ಮೇಲಿನ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಕಳಿಸುತ್ತಾರೆ. ಪ್ರತಿ ಸಲವೂ ಮೂತಿ ಇಳಿಜಾರಿಗೆ ಬಡಿದು ಸೀಸ ಕೇಸಿನೊಳಕ್ಕೆ ಇಷ್ಟಿಷ್ಟೇ ಇಳಿಯುತ್ತದೆ. ಗುಂಡು ಗಿಡ್ಡವಾದರೆ ಏರುವುದೂ ಕೆಡುತ್ತದೆ, ಒಳಗಿನ ಒತ್ತಡವೂ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು.

ಹಬ್ಬದ ದಿನದ ಬಗ್ಗೆ ಒಂದು ಮಾತು. ಗಂಧ, ಕುಂಕುಮ ಇಟ್ಟು ತೋಕ್ ಪೂ (ಕೋವಿ ಹೂವು) ಮುಡಿಸುವುದಕ್ಕೆ ಯಾರದೂ ಅಡ್ಡಿಯಿಲ್ಲ. ಪಿಸ್ತೂಲಿಗೆ ಮಾತ್ರ ಹಿಡಿಕೆಯ ಮೇಲೆ ಬೊಟ್ಟಿಡಿ. ಸ್ಲೈಡಿನ ಮೇಲಿಟ್ಟ ಒದ್ದೆ ಗಂಧ ಕಿಂಡಿಯಿಂದ ಒಳಗಿಳಿದು ಒಣಗಿದರೆ ಎಕ್ಸ್‌ಟ್ರಾಕ್ಟರಿನ ಸಂದಿಯಲ್ಲಿ ಗಾರೆಯಾಗುತ್ತದೆ, ಕುಂಕುಮದ ಪುಡಿ ಹಳಿಯ ಎಣ್ಣೆಯಲ್ಲಿ ಕಲಸಿಹೋಗುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟ ಪಿಸ್ತೂಲುಗಳದೂ ಇದೇ ಪಾಡು. ವಾರಗಟ್ಟಲೆ ಚರ್ಮದ ಹೋಲ್ಸ್ಟರಿನಲ್ಲಿ ಕೂತು ಬಂದದ್ದನ್ನು ಬಿಚ್ಚಿ ಒರೆಸದೆ ಗುಂಡು ತುಂಬಬೇಡಿ. ಠೇವಣಿ ಇಡುವಾಗಲೇ ಹೋಲ್ಸ್ಟರ್ ತೆಗೆದು, ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಕೊನೆಯದಾಗಿ ಅರ. ಚೇಂಬರಿನ ಬಾಯಿಯ ಇಳಿಜಾರನ್ನು ಕಾರ್ಖಾನೆ ನಿರ್ದಿಷ್ಟ ಕೋನದಲ್ಲಿ ಕೊರೆದಿರುತ್ತದೆ. ಕೊಳೆ ಇದ್ದರೆ ಬಟ್ಟೆಯಿಂದ ಒರೆಸಿ, ಅಷ್ಟು ಸಾಕು. ಅರ ಹಾಕಿ ಕೋನ ಬದಲಾದರೆ ಗುಂಡು ಬೇರೆ ಕಡೆ ಕುತ್ತತೊಡಗುತ್ತದೆ. ಹೆಚ್ಚು ತೆಗೆದರೆ ಕೇಸಿನ ಬುಡಕ್ಕಿರುವ ಉಕ್ಕಿನ ಆಸರೆ ಕಡಿಮೆಯಾಗಿ ಹಿತ್ತಾಳೆ ಅಲ್ಲೇ ಒಡೆಯಬಹುದು. ತೆಗೆದ ಉಕ್ಕನ್ನು ವಾಪಸ್ ಹಾಕಲಾಗುವುದಿಲ್ಲ, ನಳಿಗೆಯನ್ನೇ ಬದಲಿಸಬೇಕು. ಒಂದು ಸಲ ಟ್ರಿಗರ್ ಒತ್ತಿದರೆ ಎರಡು ಗುಂಡು ಹಾರಿತೆಂದರೆ ಮಾತ್ರ ಮನೆಯ ಪರೀಕ್ಷೆಗಳನ್ನೆಲ್ಲ ಬಿಟ್ಟು ನೇರ ಲೈಸೆನ್ಸ್ ಇರುವ ರಿಪೇರಿಯವರ ಬಳಿಗೆ ಒಯ್ಯಿರಿ. ಆಯುಧ ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 41ನೇ ಕಲಮಿನಡಿ ಇರುವ ವಿನಾಯಿತಿ ಆಯುಧ ಹೊಂದುವುದಕ್ಕೆ ಸಂಬಂಧಿಸಿದ್ದು. ಪೇಟೆಯ ಲೇತ್ ಅಂಗಡಿಯಲ್ಲಿ ಪಿಸ್ತೂಲಿಗೆ ಕೈ ಹಾಕಿಸಲು ಅದು ಅನುಮತಿಯಲ್ಲ. ರಿಪೇರಿಯಾಗಿ ಬಂದದ್ದನ್ನು ಹಾರಿಸಿ ನೋಡುವುದಾದರೂ ಅನುಮತಿ ಇರುವ ರೇಂಜಿನಲ್ಲೇ ಆಗಬೇಕು, ಕಾಫಿ ತೋಟದ ಮೂಲೆಯಲ್ಲಲ್ಲ.

ಎಣ್ಣೆಯ ಮತ್ತು ಅರದ ಆ ಎರಡು ಸಾಲುಗಳಿಗೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಪುರವಣಿಯನ್ನು ಕತ್ತರಿಸಿ ಬಂದೂಕಿನ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡವರಿದ್ದಾರೆ.

ಇತಿ,
ಆಯುಧ ದುರಸ್ತಿ ಬಲ್ಲ ಒಬ್ಬ ಓದುಗ
ವಿರಾಜಪೇಟೆ